ಸಾಕಿದ ಹಾವಿಗೆ ಎರೆಹುಳು: ಯಾವುದು ಊಟ, ಯಾವುದು ಅಪಾಯ?

[ದೃಶ್ಯ: ಮೇಜಿನ ಮೇಲೆ ಎರಡು ಡಬ್ಬಿ. ಎರಡರಲ್ಲೂ ಒದ್ದೆ ಮಣ್ಣು, ಮಣ್ಣಿನೊಳಗೆ ಹುಳುಗಳು.]

ನಮಸ್ಕಾರ. ಈ ಎರಡು ಡಬ್ಬಿ ನೋಡಿ. ಎರಡರಲ್ಲೂ ಇರುವುದು ಎರೆಹುಳುಗಳೇ. ಮೊದಲನೆಯದನ್ನು ನನ್ನ ಹಾವು ಖುಷಿಯಿಂದ ನುಂಗುತ್ತದೆ. ಎರಡನೆಯದನ್ನು ತಿಂದರೆ ಅದು ಕಾಯಿಲೆ ಬೀಳುತ್ತದೆ, ಸಾಯಲೂಬಹುದು. ಅಮೆರಿಕ, ಕೆನಡಾ ಕಡೆ ಗಾರ್ಟರ್ ಹಾವು, ಅಂದರೆ ಅಲ್ಲಿನದೇ ಒಂದು ತೆಳ್ಳನೆಯ ಹಾವು, ಸಾಕುತ್ತಿರುವ ಕನ್ನಡಿಗರಿಗೆ ಈ ವಿಡಿಯೋ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಹಾವೂ ಹುಳು ತಿನ್ನುವುದಿಲ್ಲ. ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ಗೆ ಇಲಿಯೇ ಬೇಕು. ಗಾರ್ಟರ್ ಹಾವಿನ ಕಥೆ ಬೇರೆ. ಕಾಡಿನಲ್ಲೂ ಅದರ ಊಟದಲ್ಲಿ ಎರೆಹುಳು ಇದ್ದೇ ಇರುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಮಣ್ಣಿನೊಳಗೆ ಬದುಕುವ, ಮೊಂಡು ಬಾಲದ ಸಣ್ಣ ಹಾವುಗಳಿವೆ. ಅವಕ್ಕೂ ಎರೆಹುಳುವೇ ಆಹಾರ. ಆದರೆ ಅವನ್ನು ಹಿಡಿದು ಸಾಕುವ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಬಿಡುವುದಿಲ್ಲ, ಬಿಡಲೂಬಾರದು.

[ದೃಶ್ಯ: ಎರಡು ಹುಳುಗಳನ್ನು ಬಿಳಿ ತಟ್ಟೆಯಲ್ಲಿ ಅಕ್ಕಪಕ್ಕ ಇಡುವುದು. ಕ್ಯಾಮೆರಾ ಹತ್ತಿರಕ್ಕೆ.]

ಎಡಗಡೆ ಇರುವುದು ಕೆನೇಡಿಯನ್ ನೈಟ್‌ಕ್ರಾಲರ್. ಪೆನ್ಸಿಲ್‌ನಷ್ಟು ದಪ್ಪ, ಮೈ ಚಾಚಿದರೆ 20 ಸೆಂಟಿಮೀಟರ್ ದಾಟುತ್ತದೆ. ತಲೆಯ ಕಡೆ ಕಪ್ಪು ಜಾಸ್ತಿ, ಬಾಲ ಚಪ್ಪಟೆ. ಇದನ್ನು ಸಾಮಾನ್ಯವಾಗಿ ಫಾರ್ಮಿನಲ್ಲಿ ಬೆಳೆಸುವುದಿಲ್ಲ. ಒಂಟಾರಿಯೋದ ಹೊಲಗಳಲ್ಲಿ ಜನ ರಾತ್ರಿ ತಲೆಗೆ ದೀಪ ಕಟ್ಟಿಕೊಂಡು, ಬಗ್ಗಿ ಬಗ್ಗಿ ಕೈಯಲ್ಲೇ ಆರಿಸುತ್ತಾರೆ. ಗಾಳ ಹಾಕುವವರ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವುದು ಇದೇ. ಹಾವಿಗೆ ಇದು ಒಳ್ಳೆಯ ಊಟ.

ಬಲಗಡೆ ಇರುವುದು ರೆಡ್ ವಿಗ್ಲರ್. ಊರಿನಲ್ಲಿ ಎರೆಗೊಬ್ಬರದ ತೊಟ್ಟಿಗೆ ಬಿಡುತ್ತಾರಲ್ಲ, ಆ ಹುಳುಗಳಲ್ಲಿ ಇದೂ ಒಂದು. ತೆಳ್ಳಗೆ, ಕೆಂಪಗೆ, ಮೈಮೇಲೆ ಹಳದಿ ಉಂಗುರ. ಮುಟ್ಟಿದರೆ ಸಾಕು, ಚಡಪಡಿಸುತ್ತದೆ. ಸ್ವಲ್ಪ ಒತ್ತಿದರೆ ನಾರುವ ಹಳದಿ ರಸ ಬಿಡುತ್ತದೆ. ಇದರ ವೈಜ್ಞಾನಿಕ ಹೆಸರು ಐಸೀನಿಯ ಫೆಟಿಡಾ. ಫೆಟಿಡಾ ಅಂದರೆ ಲ್ಯಾಟಿನ್‌ನಲ್ಲಿ ನಾರುವುದು ಎಂದೇ ಅರ್ಥ.

ತೊಂದರೆ ಇರುವುದು ಆ ರಸದಲ್ಲಿ. ಅದರಲ್ಲಿ ಲೈಸೆನಿನ್ ಎಂಬ ಪ್ರೋಟೀನ್ ಇದೆ. ಬೆನ್ನೆಲುಬಿರುವ ಪ್ರಾಣಿಗಳ ಜೀವಕೋಶದ ಪೊರೆಯಲ್ಲಿ ಒಂದು ಬಗೆಯ ಕೊಬ್ಬು ಇರುತ್ತದೆ. ಲೈಸೆನಿನ್ ಅದಕ್ಕೆ ಅಂಟಿಕೊಂಡು ಪೊರೆಯನ್ನೇ ತೂತು ಮಾಡುತ್ತದೆ. ಗೊಬ್ಬರದ ತೊಟ್ಟಿಯಲ್ಲಿ ಇಷ್ಟು ಉಪಕಾರಿಯಾದ ಹುಳು ಹಾವಿನ ಹೊಟ್ಟೆಯಲ್ಲಿ ಮಾಡುವ ಕೆಲಸ ಇದು.

ನನ್ನ ಹಾವು ಮರಿಯಾಗಿದ್ದಾಗ ನಡೆದದ್ದು ಹೇಳುತ್ತೇನೆ. ಒಂದು ಅಂಗಡಿಯಲ್ಲಿ ನೈಟ್‌ಕ್ರಾಲರ್ ಮುಗಿದಿತ್ತು. "ಇದನ್ನೇ ತಗೊಳ್ಳಿ, ಎಲ್ಲಾ ಒಂದೇ" ಅಂದರು. ನಂಬಿ ತಂದೆ. ಹಾವು ಹುಳುವನ್ನು ಕಚ್ಚಿತು, ತಕ್ಷಣ ಬಿಟ್ಟಿತು, ಬಾಯನ್ನು ಕಾಗದಕ್ಕೆ ಉಜ್ಜತೊಡಗಿತು. ಒಂದು ತುಂಡು ಒಳಗೆ ಹೋಗಿತ್ತು, ಅದನ್ನೂ ವಾಂತಿ ಮಾಡಿತು. ಪುಣ್ಯಕ್ಕೆ ಉಳಿಯಿತು. ಅವತ್ತಿನಿಂದ ಪ್ರತಿ ಡಬ್ಬಿಯನ್ನೂ ಅಂಗಡಿಯಲ್ಲೇ ಬಿಚ್ಚಿ ನೋಡುತ್ತೇನೆ. ನೀವೂ ನೋಡಿ, ಸಂಕೋಚ ಬೇಡ. ಡಬ್ಬಿಯ ಮೇಲೆ ಸುಮ್ನೆ "ಹುಳು" ಎಂದಷ್ಟೇ ಬರೆದಿದ್ದರೆ ತರಬೇಡಿ. ಮೀನಿಗೆ ಕಾಣಲಿ ಎಂದು ಹಸಿರು ಬಣ್ಣ ಹಾಕಿದ ಹುಳುಗಳೂ ಬರುತ್ತವೆ, ಅವೂ ಬೇಡ. ಯುರೋಪಿಯನ್ ನೈಟ್‌ಕ್ರಾಲರ್ ಎಂಬ ಹೆಸರಿನಲ್ಲಿ ಬರುವುದು ರೆಡ್ ವಿಗ್ಲರ್‌ನ ಹತ್ತಿರದ ನೆಂಟ. ಅದನ್ನೂ ನಾನು ಕೊಡುವುದಿಲ್ಲ. ಹಿತ್ತಲಿನ ಹುಳು ಕೊಡಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಹುಲ್ಲಿಗೆ ಕಳೆನಾಶಕ, ಕೀಟನಾಶಕ ಹೊಡೆಯುವ ಕಡೆ ಬೇಡವೇ ಬೇಡ. ಪಕ್ಕದ ಮನೆಯವರು ಹೊಡೆದದ್ದೂ ಮಳೆ ನೀರಿನಲ್ಲಿ ನಿಮ್ಮ ಹಿತ್ತಲಿಗೆ ಹರಿದು ಬರುತ್ತದೆ, ಅಲ್ವಾ?

[ದೃಶ್ಯ: ಫ್ರಿಜ್ ಬಾಗಿಲು ತೆರೆಯುವುದು. ಕೆಳಗಿನ ಶೆಲ್ಫಿನಲ್ಲಿ ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿ.]

ಈಗ ಇಟ್ಟುಕೊಳ್ಳುವ ಬಗೆ. ನೈಟ್‌ಕ್ರಾಲರ್‌ಗೆ ತಂಪು ಬೇಕು. ಮನೆಯ ಬಿಸಿಗೆ ಒಂದೆರಡು ದಿನದಲ್ಲಿ ಸಾಯತೊಡಗುತ್ತದೆ. ಫ್ರಿಜ್‌ನಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಆದರೆ ಆಫ್ರಿಕನ್ ನೈಟ್‌ಕ್ರಾಲರ್ ಎಂದು ಬರೆದಿದ್ದರೆ ಫ್ರಿಜ್‌ಗೆ ಇಡಬೇಡಿ. ಅದು ಬಿಸಿ ನಾಡಿನ ಹುಳು, ಚಳಿಗೆ ಸಾಯುತ್ತದೆ.

ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿ, ಇಲ್ಲವೇ ಹರಿದ ರಟ್ಟು ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಅದಕ್ಕಿಂತ ಜಾಸ್ತಿ ಒದ್ದೆ ಬೇಡ. ತಿನ್ನಲು ಸ್ವಲ್ಪ ಓಟ್ಸ್, ಲೆಟಿಸ್ ಎಲೆ ಸಾಕು. ನಿಂಬೆ, ಕಿತ್ತಳೆ ಸಿಪ್ಪೆ, ಉಪ್ಪು ತಾಗಿದ್ದು ಏನೂ ಬೇಡ. ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿ. ಮಣ್ಣಿನ ವಾಸನೆ ಬಂದರೆ ಸರಿ. ಕೊಳೆತ ವಾಸನೆ ಬಂದರೆ ಒಳಗೆ ಯಾವುದೋ ಸತ್ತಿದೆ. ಆಗಲೇ ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ಉಳಿದವೂ ಹೋಗುತ್ತವೆ.

ತಿನ್ನಿಸುವ ಹಿಂದಿನ ದಿನ ಹುಳುಗಳನ್ನು ಒದ್ದೆ ಟಿಶ್ಯೂ ಮೇಲೆ ಬಿಡಿ. ಹೊಟ್ಟೆಯಲ್ಲಿರುವ ಮಣ್ಣೆಲ್ಲ ಆಚೆ ಬರುತ್ತದೆ. ಆಮೇಲೆ ತೊಳೆದು ತಟ್ಟೆಯಲ್ಲಿ ಕೊಡಿ. ಗೂಡಿನ ನೆಲಕ್ಕೆ ಎಸೆದರೆ ಮರದ ಚೂರೆಲ್ಲ ಲೋಳೆಗೆ ಅಂಟಿ ಹಾವಿನ ಹೊಟ್ಟೆಗೆ ಹೋಗುತ್ತದೆ. ಮರಿಗಳಿಗೆ ಸಣ್ಣಗೆ ಹೆಚ್ಚಿ ಕೊಡಬೇಕು. ಎರಡು ಹಾವಿದ್ದರೆ ಬೇರೆ ಬೇರೆ ಡಬ್ಬಿಯಲ್ಲಿ ತಿನ್ನಿಸಿ. ಒಂದೇ ಹುಳುವನ್ನು ಎರಡು ಕಡೆಯಿಂದ ನುಂಗುತ್ತಾ ಬಂದು ಒಂದರ ತಲೆ ಇನ್ನೊಂದರ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

ಹುಳುವಿನಲ್ಲಿ ಕ್ಯಾಲ್ಸಿಯಂ ಕಡಿಮೆ. ಹಾಗಾಗಿ ಕ್ಯಾಲ್ಸಿಯಂ ಪುಡಿ ಉದುರಿಸಬೇಕು, ನಡುನಡುವೆ ಇಲಿಮರಿಯನ್ನೂ ಕೊಡಬೇಕು. "ನಮ್ಮದು ಇಲಿ ಮುಟ್ಟುವುದೇ ಇಲ್ಲ" ಎನ್ನುವವರಿಗೆ ಒಂದು ಉಪಾಯ ಇದೆ. 1960ರ ದಶಕದಲ್ಲಿ ಗಾರ್ಡನ್ ಬರ್ಗ್‌ಹಾರ್ಟ್ ಎಂಬ ಅಮೆರಿಕದ ವಿಜ್ಞಾನಿ ಆಗಷ್ಟೇ ಹುಟ್ಟಿದ ಗಾರ್ಟರ್ ಮರಿಗಳ ಮುಂದೆ ಎರೆಹುಳುವಿನ ರಸದಲ್ಲಿ ಅದ್ದಿದ ಹತ್ತಿ ಹಿಡಿದರು. ಹುಳುವನ್ನು ಒಮ್ಮೆಯೂ ಕಾಣದ ಮರಿಗಳು ನಾಲಿಗೆ ಆಡಿಸಿ ಹತ್ತಿಯನ್ನೇ ಕಚ್ಚಲು ಹೋದವು! ಆ ವಾಸನೆಯ ಗುರುತು ಹುಟ್ಟಿನಿಂದಲೇ ಬಂದಿದೆ. ಹಾಗಾಗಿ ಫ್ರೀಜರ್‌ನಲ್ಲಿಟ್ಟಿದ್ದ ಇಲಿಮರಿಯ ಐಸ್ ಬಿಡಿಸಿ, ಅದನ್ನು ಹುಳುವಿಗೆ ಚೆನ್ನಾಗಿ ಉಜ್ಜಿ ಕೊಡಿ. ಒಂದೇ ದಿನಕ್ಕೆ ಆಗದಿದ್ದರೂ ಬಿಡಬೇಡಿ.

[ದೃಶ್ಯ: ಎಲೆ ಉದುರಿದ ಮೇಪಲ್ ಕಾಡು.]

ಕೊನೆಗೆ ಉಳಿದ ಹುಳುಗಳು. ಎರೆಹುಳು ರೈತನ ಮಿತ್ರ ಎಂದು ಓದಿ ಬೆಳೆದವರು ನಾವು. ಕಾಡಿಗೆ ಬಿಟ್ಟರೆ ಒಳ್ಳೆಯದೇ ಅಂದುಕೊಳ್ಳುತ್ತೇವೆ. ಆದರೆ ಉತ್ತರ ಅಮೆರಿಕದ ಉತ್ತರ ಭಾಗದ ಕಾಡುಗಳಲ್ಲಿ ಹಿಮಯುಗದ ನಂತರ ಎರೆಹುಳುವೇ ಇರಲಿಲ್ಲ. ನೈಟ್‌ಕ್ರಾಲರ್ ಯುರೋಪಿನಿಂದ ಬಂದದ್ದು. ಉತ್ತರ ಅಮೆರಿಕದ ಆ ಕಾಡುಗಳ ಗಿಡಗಳು ಮೊಳೆಯುವುದು ತರಗೆಲೆಯ ದಪ್ಪ ಹಾಸಿನಲ್ಲಿ. ಈ ಹುಳುಗಳು ಆ ಹಾಸನ್ನೇ ತಿಂದು ಮುಗಿಸುತ್ತವೆ. ಆದ್ದರಿಂದ ಉಳಿದದ್ದನ್ನು ಹೊರಗೆ ಬಿಡಬೇಡಿ, ಡಬ್ಬಿಯ ಮಣ್ಣನ್ನೂ ಸುರಿಯಬೇಡಿ. ಅದರಲ್ಲಿ ಮೊಟ್ಟೆ ಇರಬಹುದು. ನಾನು ಡಬ್ಬಿ ಸಮೇತ ಒಂದು ವಾರ ಫ್ರೀಜರ್‌ನಲ್ಲಿಟ್ಟು, ಆಮೇಲೆ ಚೀಲ ಕಟ್ಟಿ ಕಸಕ್ಕೆ ಹಾಕುತ್ತೇನೆ.