10 ನಿಮಿಷಕ್ಕೊಂದು ರೈಲು

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ದಿನವೂ ಕಾರು, ಸ್ಕೂಟರುಗಳಲ್ಲಿ ಕೆಲಸಕ್ಕೆ ಹೊರಡುವ ನಿಮಗೆ ನಾನು ಇಂದು ಹೇಳಬೇಕಾದದ್ದು ಒಂದೇ ಮಾತು: 10 ನಿಮಿಷಕ್ಕೊಂದು ರೈಲು ಬಂದರೆ ಜನ ವಾಹನವನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ.

ನಾನು ಬಂಗಾರಪೇಟೆಯಿಂದ ಬೆಂಗಳೂರಿಗೆ, ಸುಮಾರು 70 ಕಿಲೋಮೀಟರ್, ಹಲವು ವರ್ಷ ರೈಲಿನಲ್ಲಿ ಓಡಾಡಿದವನು. ಕೋಲಾರದ ಚಿನ್ನದ ಗಣಿಯ ಬಳಿಯ ಮಾರಿಕುಪ್ಪಂನಿಂದ ಹೊರಟ ಗಾಡಿ ನಮ್ಮೂರಿಗೆ ಬರುವಷ್ಟರಲ್ಲೇ ತುಂಬಿರುತ್ತಿತ್ತು. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನರ ಅನ್ನ ಬೆಂಗಳೂರಿನ ರೈಲನ್ನೇ ನೆಚ್ಚಿಕೊಂಡಿತ್ತು. ಸಂಜೆಯ ಗಾಡಿಯಲ್ಲಿ ನನ್ನ ಎದುರು ಕೂರುತ್ತಿದ್ದ ಒಬ್ಬ ತಾಯಿ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವವರು, ವೈಟ್‌ಫೀಲ್ಡ್ ದಾಟಿದೊಡನೆ ಅವರೆಕಾಯಿ ಸುಲಿಯಲು ಕೂತರೆ ಟೇಕಲ್ ಬರುವ ಹೊತ್ತಿಗೆ ಡಬ್ಬಿ ತುಂಬಿಸಿ, ಸಿಪ್ಪೆಯನ್ನು ಚೀಲಕ್ಕೆ ಹಾಕಿ ಕಟ್ಟಿರುತ್ತಿದ್ದರು. ಒಂದು ಸಂಜೆ ಅವರು ಬರಲಿಲ್ಲ. ಮರುದಿನ ವಿಚಾರಿಸಿದಾಗ, ಕೇವಲ 2 ನಿಮಿಷ ತಡವಾಗಿ ಗಾಡಿ ತಪ್ಪಿತೆಂದೂ, ಮುಂದಿನ ಗಾಡಿಗೆ ಕಾದು ಮನೆ ಸೇರುವಾಗ ಮಕ್ಕಳು ಉಣ್ಣದೆ ಮಲಗಿದ್ದರೆಂದೂ ಹೇಳಿದರು. ಮುಂದಿನ ತಿಂಗಳೇ ಅವರ ಯಜಮಾನರು ಸಾಲ ಮಾಡಿ ಬೈಕು ಕೊಂಡರು. ಆ ಬೈಕನ್ನು ರಸ್ತೆಗೆ ಇಳಿಸಿದ್ದು ಶೋಕಿಯಲ್ಲ, ಗಾಡಿ ತಪ್ಪೀತೆಂಬ ಭಯ.

ಹೆಚ್ಚು ರೈಲು ಓಡಿಸಲು ಅಡ್ಡಿಯೇನು? ಚೆನ್ನೈಗೆ ಹೋಗುವ ಎಕ್ಸ್‌ಪ್ರೆಸ್ಸು, ಸರಕಿನ ಗಾಡಿ, ನಮ್ಮ ಪ್ಯಾಸೆಂಜರ್ ಎಲ್ಲವೂ ಅವೇ ಹಳಿಗಳನ್ನು ಹಂಚಿಕೊಳ್ಳಬೇಕು. ಹಳೆಯ ಸಿಗ್ನಲ್ ಪದ್ಧತಿಯಲ್ಲಿ ಮುಂದೆ ಹೋದ ಗಾಡಿ ಮುಂದಿನ ನಿಲ್ದಾಣ ಮುಟ್ಟುವವರೆಗೆ ಹಿಂದಿನ ಗಾಡಿ ಕಾಯಬೇಕು. ಸ್ವಯಂಚಾಲಿತ ಸಿಗ್ನಲ್ ಇದ್ದರೆ ಒಂದರ ಹಿಂದೆ ಒಂದು ಸಾಗಬಹುದು. ಪ್ರತ್ಯೇಕ ಹಳಿಯಿದ್ದರಂತೂ ಇನ್ನೂ ಉತ್ತಮ. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಸುಮಾರು 148 ಕಿಲೋಮೀಟರಿನ ಉಪನಗರ ರೈಲು ಯೋಜನೆಯ ಮಹತ್ವ ಇರುವುದು ಇಲ್ಲಿಯೇ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ಅದರ ನಾಲ್ಕು ಮಾರ್ಗಗಳ ಬಗ್ಗೆ ಎಲ್ಲರೂ ಎಷ್ಟು ಕಿಲೋಮೀಟರ್ ಎಂದಷ್ಟೇ ಕೇಳುತ್ತಾರೆ. ಎಷ್ಟು ನಿಮಿಷಕ್ಕೊಂದು ಗಾಡಿ ಎಂದು ದಯವಿಟ್ಟು ಕೇಳಿ! 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ತೆರೆದಾಗ ಹಳಿ ಪೂರ್ತಿ ಸಿದ್ಧವಿತ್ತು, ಓಡಿಸಲು ಇದ್ದದ್ದು ಮೂರೇ ರೈಲು. ಜನ 25 ನಿಮಿಷ ಕಾಯಬೇಕಾಯಿತು.

ನಿಲ್ದಾಣದ ಬಾಗಿಲಿಗೆ ಬಸ್ಸು ಬರಬೇಕು, ನಡೆಯಲು ಕಾಲುದಾರಿ ಬೇಕು. ಇವನ್ನು ವಿವರಿಸಲು ಸಮಯ ಉಳಿದಿಲ್ಲ. ಆದರೂ ಗಾಡಿಗಳ ನಡುವಿನ ಅಂತರ 10 ನಿಮಿಷಕ್ಕೆ ಇಳಿಯುವ ಕೆಲಸ ಇವೆಲ್ಲಕ್ಕಿಂತ ಮೊದಲು ಆಗಬೇಕು. ನಮಸ್ಕಾರ.