ಮತ್ತೊಬ್ಬರ ಲೋಕದಲ್ಲಿ ನಮ್ಮ ಅಡ್ವೆಂಚರ್

ಸ್ನೇಹಿತರೇ,

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟಗಳಿಗೆ ಬೇಕಾದ ಸಿದ್ಧ ಕಥೆಗೆ ಅಡ್ವೆಂಚರ್ ಎನ್ನುತ್ತಾರೆ. ಸ್ವಂತ ಲೋಕ ಕಟ್ಟಿಕೊಂಡು ಅದನ್ನು ಬರೆಯುವವರಿಗೆ ಒಂದು ಅನುಕೂಲವಿದೆ. ಅಲ್ಲಿ ಅವರು ಹೇಳಿದ್ದೇ ಸರಿ. ಫಾರ್ಗಾಟನ್ ರೆಲ್ಮ್ಸ್, ಎಬೆರಾನ್, ಗೊಲಾರಿಯನ್, ಗ್ಲೊರಾಂಥಾದಂಥ, ಬೇರೆಯವರು ಆಟಗಳಿಗಾಗಿ ಆಗಲೇ ಕಟ್ಟಿಟ್ಟ ಲೋಕಗಳಿಗೆ ಬರೆಯುವವರಿಗೆ ಆ ಅನುಕೂಲ ಇಲ್ಲ. ಅಲ್ಲಿನ ನಕ್ಷೆ, ದೇವರು, ರಾಜಮನೆತನಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಬಹಳ ಮಂದಿ ಇದ್ದಾರೆ. ಅವರಿಗಿಂತಲೂ ಮುಖ್ಯರಾದವರು ಇನ್ನೊಬ್ಬರು: ನಮ್ಮ ಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು, ಎದುರಿಗೆ ನಾಲ್ಕೈದು ಆಟಗಾರರು ಕಾಯುತ್ತಿರುವಾಗ ಆಟ ನಡೆಸಬೇಕಾದ ಡಂಜನ್ ಮಾಸ್ಟರ್. ಅವರಿಗೆ ಸಂದೇಹ ಬಂದಾಗ ಕೇಳಲು ನಾವು ಪಕ್ಕದಲ್ಲಿರುವುದಿಲ್ಲ. ಇವತ್ತಿನ ಮಾತೆಲ್ಲ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಬರೆಯಲು ಕೂರುವ ಮೊದಲೇ ಪರವಾನಗಿ ಯಾವುದೆಂದು ತೀರ್ಮಾನವಾಗಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿಯಮಗಳ ಒಂದು ಭಾಗ, ಅಂದರೆ ಎಸ್‌ಆರ್‌ಡಿ 5.1 (ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್), 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂತು. ಸರಿಯಾದ ಕೃತಜ್ಞತಾ ವಾಕ್ಯ ಹಾಕಿದರೆ ಅದನ್ನು ಯಾರು ಬೇಕಾದರೂ ಬಳಸಿ, ಎಲ್ಲಿ ಬೇಕಾದರೂ ಮಾರಬಹುದು. ಆದರೆ ಸಿಗುವುದು ನಿಯಮ, ಲೋಕವಲ್ಲ. ಔಲ್‌ಬೇರ್ ಎಂಬ ಮೃಗದ ಸ್ಟ್ಯಾಟ್ ಬ್ಲಾಕ್, ಅಂದರೆ ಬಲಾಬಲದ ಅಂಕಿಗಳ ಪಟ್ಟಿ, ಅದರಲ್ಲಿದೆ, ಮೈಂಡ್ ಫ್ಲೇಯರ್‌ನದು ಇಲ್ಲ. ಬಿಗ್ಬಿ ಎಂಬ ಮಾಂತ್ರಿಕನ ಹೆಸರಿನ ಮಂತ್ರ ಅಲ್ಲಿ ಬರೀ 'ಆರ್ಕೇನ್ ಹ್ಯಾಂಡ್', ಟಾಶಾಳ ಮಂತ್ರ ಬರೀ 'ಹಿಡಿಯಸ್ ಲಾಫ್ಟರ್'. ನೆನಪಿನಿಂದ ಮಂತ್ರದ ಹೆಸರು ಬರೆದವರು ಎಡವುವುದು ಇಲ್ಲಿಯೇ. ಕಡತ ಮುಗಿದ ಮೇಲೆ ಪ್ರತಿಯೊಂದು ಮಂತ್ರ, ಮೃಗ, ಮಾಯಾವಸ್ತುವನ್ನೂ ಎಸ್‌ಆರ್‌ಡಿಯೊಂದಿಗೆ ತಾಳೆ ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಫಾರ್ಗಾಟನ್ ರೆಲ್ಮ್ಸ್‌ನ ವಾಟರ್‌ಡೀಪ್ ನಗರವೇ ಬೇಕು ಎನ್ನುವವರು 2016ರಲ್ಲಿ ಶುರುವಾದ ಡಿಎಂಸ್ ಗಿಲ್ಡ್ ಎಂಬ ಆನ್‌ಲೈನ್ ಮಾರಾಟ ತಾಣಕ್ಕೆ ಹೋಗಬೇಕು. ಗೊಲಾರಿಯನ್‌ಗೆ ಪಾತ್‌ಫೈಂಡರ್ ಇನ್ಫಿನಿಟ್ ಇದೆ, ಗ್ಲೊರಾಂಥಾಕ್ಕೆ ಜಾನ್ಸ್‌ಟೌನ್ ಕಂಪೆಂಡಿಯಂ ಇದೆ. ಡಿಎಂಸ್ ಗಿಲ್ಡ್‌ನಲ್ಲಿ ಮಾರಾಟದ ಅರ್ಧ ಹಣ ಲೇಖಕರಿಗೆ ಬರುತ್ತದೆ. ಅದಕ್ಕೆ ಬದಲಾಗಿ, ಅಲ್ಲಿ ಹಾಕಿದ್ದನ್ನು ಇನ್ನೆಲ್ಲೂ ಮಾರುವಂತಿಲ್ಲ, ಮತ್ತು ನೀವು ಸೃಷ್ಟಿಸಿದ ಪಾತ್ರ, ಊರುಗಳನ್ನು ಅಲ್ಲಿನ ಇತರ ಲೇಖಕರೂ ಬಳಸಿಕೊಳ್ಳಬಹುದು. ಮುಂದೊಂದು ದಿನ ಸ್ವಂತ ಕಾದಂಬರಿಗೆ ಬೇಕು ಎನಿಸುವ ಖಳನಾಯಕಿಯನ್ನು ಅಲ್ಲಿಗೆ ಕಳಿಸಬೇಡಿ. ಇದು ಕಾನೂನಿನ ಸಣ್ಣ ಅಕ್ಷರದ ಮಾತಾದರೂ ನಾಟುವುದು ಎದೆಗೆ.

ಇನ್ನು ಲೋಕದ ವಿಷಯ. ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ, ಏಕೆಂದರೆ ಕಾಲ ಒಂದೊಂದು ಲೋಕದಲ್ಲಿ ಒಂದೊಂದು ಬಗೆಯಲ್ಲಿ ನಡೆಯುತ್ತದೆ. ಎಬೆರಾನ್‌ನಲ್ಲಿ ಅದು ನಿಂತೇ ಬಿಟ್ಟಿದೆ: 994ರಲ್ಲಿ ಸೈರ್ ದೇಶ ಒಂದೇ ದಿನದಲ್ಲಿ ಹಾಳಾಯಿತು, ಅಧಿಕೃತ ಪುಸ್ತಕಗಳ ಆಟ ಇಂದಿಗೂ 998ರಲ್ಲೇ ಶುರುವಾಗುತ್ತದೆ. ಗೊಲಾರಿಯನ್‌ನ ಪಂಚಾಂಗ ನಮ್ಮ ಇಸವಿಗೆ 2700 ಕೂಡಿಸಿಕೊಂಡು ಮುಂದೆ ಸಾಗುತ್ತದೆ, ಹಾಗಾಗಿ ನಮ್ಮ 2025 ಅಲ್ಲಿ 4725. ಫಾರ್ಗಾಟನ್ ರೆಲ್ಮ್ಸ್‌ನಲ್ಲಿ 1385ರ ಸ್ಪೆಲ್‌ಪ್ಲೇಗ್ ಮಂತ್ರವಿದ್ಯೆಯನ್ನೇ ಬುಡಮೇಲು ಮಾಡಿತು. ಐದನೇ ಆವೃತ್ತಿಯ ಬಹುಪಾಲು ಕಥೆಗಳು ನಡೆಯುವುದು ಅದಾಗಿ ನೂರು ವರ್ಷ ಕಳೆದ ಮೇಲೆ. ಹಾಗಾದರೆ ಎಪ್ಪತ್ತರ ಮುದುಕನೊಬ್ಬ 'ಸ್ಪೆಲ್‌ಪ್ಲೇಗ್‌ಗೆ ಮೊದಲು ಈ ಬಾವಿ ತುಂಬಿರುತ್ತಿತ್ತು, ಕಣ್ಣಾರೆ ಕಂಡಿದ್ದೇನೆ' ಎನ್ನುವಂತಿಲ್ಲ. ಅದೇ ಮಾತನ್ನು ನೂರಾರು ವರ್ಷ ಬದುಕುವ ಎಲ್ಫ್ ಕುಲದ ಅಜ್ಜಿಯೊಬ್ಬಳು ಹೇಳಬಹುದು, ಹೇಳಿದರೆ ಆ ಬಾವಿಗೊಂದು ತೂಕವೂ ಬರುತ್ತದೆ. ಇಸವಿ ನೋಡಿ ಬರೆದವರಿಗೆ ಸಿಗುವ ಲಾಭ ಇದು.

ಅಭಿಮಾನಿಗಳ ವಿಕಿ ತಾಣಗಳು ಹಲವು ಆವೃತ್ತಿಗಳ ಮಾಹಿತಿಯನ್ನು ಒಂದೇ ಪುಟದಲ್ಲಿ ಕಲೆಸಿಟ್ಟಿರುತ್ತವೆ. ಹುಡುಕಲು ಅವು ಸಾಕು, ಆಧಾರಕ್ಕೆ ಸಾಲವು. ಒಂದು ಹಾಳೆಯಲ್ಲಿ ಪ್ರತಿ ಹೆಸರಿನ ಕಾಗುಣಿತ, ಅದು ಬಂದ ಪುಸ್ತಕ, ಪುಟ, ಇಸವಿ ಬರೆದಿಡಿ. ತಿದ್ದುವವರಿಗೂ ಅದೇ ಹಾಳೆ ಕೊಡಿ.

ಕಥೆಗೆ ಜಾಗ ಆರಿಸುವಾಗ ರಾಜಧಾನಿಯ ಆಸೆ ಬಿಡುವುದು ಒಳ್ಳೆಯದು. ಅಧಿಕೃತ ನಕ್ಷೆಯಲ್ಲಿ ಹೆಸರಿದ್ದು, ಪುಸ್ತಕದಲ್ಲಿ ಒಂದೆರಡು ಸಾಲು ಮಾತ್ರ ಇರುವ ಹಳ್ಳಿ ಹುಡುಕಿ. ಅಲ್ಲಿ ನಿಮಗೆ ಕೈಕಾಲು ಆಡಿಸಲು ಜಾಗವಿರುತ್ತದೆ, ನಿಮ್ಮದನ್ನು ಸುಳ್ಳು ಮಾಡುವ ಪುಸ್ತಕ ನಾಳೆ ಬರುವ ಸಂಭವವೂ ಕಡಿಮೆ. 'ಇಷ್ಟು ದೊಡ್ಡ ಆಪತ್ತಿಗೆ ಎಲ್‌ಮಿನ್‌ಸ್ಟರ್ ಯಾಕೆ ಬರಲಿಲ್ಲ?' ಎಂದು ಆಟಗಾರರು ಕೇಳಿಯೇ ಕೇಳುತ್ತಾರೆ. ಆಪತ್ತು ಅಂಥ ಮಹಾಮಾಂತ್ರಿಕರ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿರಲಿ, ಹಳ್ಳಿಯವರ ಪಾಲಿಗೆ ಮಾತ್ರ ಪ್ರಾಣಸಂಕಟವಾಗಿರಲಿ. ಇನ್ನೊಂದು ಮಾತು: ಯಾವುದೋ ಗುಂಪಿನ ಹಳೆಯ ಆಟದಲ್ಲಿ ನೀವು ಆರಿಸಿದ ಊರು ಸುಟ್ಟು ಬೂದಿಯಾಗಿರಬಹುದು. ಅದಕ್ಕೆ ಇದೇ ಕಥೆ ನಡೆಯಬಲ್ಲ ಇನ್ನೆರಡು ಜಾಗಗಳನ್ನು, ಬದಲಿಸಬೇಕಾದ ಹೆಸರುಗಳ ಸಮೇತ, ಅರ್ಧ ಪುಟದಲ್ಲಿ ಕೊಡಿ.

ಹಿನ್ನೆಲೆ ಕಥೆಗೆ ಒಂದು ಪುಟ ಸಾಕು. ಹದಿನಾರು ಪುಟದ ಅಡ್ವೆಂಚರ್‌ಗೆ ಐದು ಪುಟ ಇತಿಹಾಸವಿದ್ದರೆ ಮೂಗಿಗಿಂತ ಮೂಗುತಿ ಭಾರ. ಆಟಗಾರರಿಗೆ ತಿಳಿಯುವ ದಾರಿಯೇ ಇಲ್ಲದ ಇತಿಹಾಸವನ್ನು ಕತ್ತರಿಸಿ, ಇಲ್ಲವೇ ಅದನ್ನು ಒಂದು ಪತ್ರವಾಗಿಯೋ ಗೋಡೆಯ ಚಿತ್ರವಾಗಿಯೋ ಕೋಣೆಯೊಳಕ್ಕೆ ತನ್ನಿ.

ಕೋಣೆಯ ವಿವರಣೆಗೆ ಒಂದು ಕ್ರಮವಿದೆ: ಬಾಗಿಲು ತೆರೆದ ಕ್ಷಣ ಕಾಣುವುದು, ಆಮೇಲೆ ಹುಡುಕಿದರೆ ಸಿಗುವುದು, ಕೊನೆಗೆ ಮುಟ್ಟಿದರೆ ಆಗುವುದು. ಕಾದು ನಿಂತ ಓಗರ್ ದೈತ್ಯ ನಾಲ್ಕನೆಯ ಪ್ಯಾರಾದಲ್ಲಿ ಅಡಗಿದ್ದರೆ, ಡಂಜನ್ ಮಾಸ್ಟರ್ ಕಂಬದ ಕೆತ್ತನೆ ವರ್ಣಿಸುತ್ತಿರುವಾಗಲೇ ಆಟಗಾರರು ಕೋಣೆಯ ನಡುವಿಗೆ ಬಂದಿರುತ್ತಾರೆ. ಗಟ್ಟಿಯಾಗಿ ಓದಿ ಹೇಳಬೇಕಾದ ಭಾಗ ಮೂರು ವಾಕ್ಯ ಮೀರದಿರಲಿ. 'ನಿಮಗೆ ಭಯವಾಗುತ್ತದೆ' ಎಂದು ಅದರಲ್ಲಿ ಬರೆಯಬೇಡಿ. ಭಯಪಡಬೇಕೋ ಬೇಡವೋ ಎನ್ನುವುದು ಆಟಗಾರರ ಹಕ್ಕು.

ಸುಳಿವುಗಳ ಲೆಕ್ಕ ನೋಡಿ. ಮುಟ್ಟಬೇಕಾದ ಗುರಿ 15, ದಾಳಕ್ಕೆ ಕೂಡಿಸಿಕೊಳ್ಳುವ ಪಾತ್ರದ ಬಲ 5 ಇದ್ದರೆ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು, ಅಂದರೆ 55% ಅವಕಾಶ. ಕಥೆ ಮುಂದುವರಿಯಲು ಆ ಒಂದೇ ಸುಳಿವು ಬೇಕೆಂದಾದರೆ, ಒಂದೇ ಎಸೆತಕ್ಕೆ ನೂರರಲ್ಲಿ 45 ಮೇಜುಗಳಲ್ಲಿ ಆಟ ಅಲ್ಲೇ ನಿಲ್ಲುತ್ತದೆ. ಅದೇ ಸತ್ಯವನ್ನು ತೋರಿಸುವ ಮೂರು ಬೇರೆ ಬೇರೆ ಸುಳಿವುಗಳಿದ್ದರೆ ಒಂದಾದರೂ ಸಿಗುವ ಅವಕಾಶ ಸುಮಾರು 91%. ಉಳಿದದ್ದಕ್ಕೂ ಒಂದು ದಾರಿ ಇಟ್ಟಿರಿ: ಸುಳಿವು ಹೇಗೂ ಸಿಗಲಿ, ದಾಳ ಸೋತರೆ ಸಮಯವೋ ಗಾಯವೋ ಬೆಲೆಯಾಗಲಿ.

ಕಾಳಗದ ಲೆಕ್ಕದಲ್ಲಿ ಎಡವಟ್ಟಾಗುವುದು ಆವೃತ್ತಿ ಹೇಳದೆ ಬಿಟ್ಟಾಗ. ಮೂರನೇ ಹಂತದ ನಾಲ್ಕು ಪಾತ್ರಗಳ ಎದುರು ಆರು ಗಾಬ್ಲಿನ್‌ಗಳು ಎಂದಿಟ್ಟುಕೊಳ್ಳಿ. ತಲೆಗೆ 50ರಂತೆ 300 ಎಕ್ಸ್‌ಪಿ (ಅನುಭವದ ಅಂಕ). 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಶತ್ರುಗಳ ಸಂಖ್ಯೆ ನೋಡಿ ಅದನ್ನು ಎರಡರಿಂದ ಗುಣಿಸಬೇಕು, 600 ಆಗುತ್ತದೆ, ಮಧ್ಯಮ ಕಾಳಗ. 2024ರ ಗೈಡ್‌ನಲ್ಲಿ ಆ ಗುಣಕವೇ ಇಲ್ಲ. ಅಲ್ಲಿ ಈ ಗುಂಪಿಗೆ ಅತಿ ಸುಲಭದ ಮಿತಿಯೇ 600, ನಮ್ಮ ಗಾಬ್ಲಿನ್‌ಗಳು ಅದರ ಅರ್ಧ. ಒಂಟಿ ಖಳನ ಕಥೆಯೂ ಹೀಗೆಯೇ. ಎಸ್‌ಆರ್‌ಡಿ 5.1ರ ಓಗರ್‌ಗೆ ಜೀವಬಲ 59, ರಕ್ಷಣೆ 11. ನಾಲ್ಕು ಜನ ನೂರಕ್ಕೆ 75 ಸಲ ತಾಗಿಸಿ, ಏಟಿಗೆ ಸರಾಸರಿ 9 ಕಳೆದರೆ ಒಂದು ಸುತ್ತಿನಲ್ಲಿ 27 ಹೋಗುತ್ತದೆ, ಮೂರನೇ ಸುತ್ತಿನಲ್ಲಿ ಓಗರ್ ನೆಲ ಕಚ್ಚುತ್ತಾನೆ. ಅವನ ಜೀವಬಲ ಏರಿಸಿದರೆ ಕಾಳಗ ಉದ್ದವಾಗುತ್ತದೆ, ಅಷ್ಟೇ. ಜೊತೆಗೆ ನಾಲ್ಕು ಪುಡಿ ಶತ್ರುಗಳು, ಕುಸಿಯುವ ಸೇತುವೆ, ಏರುವ ನೀರು, ಇವು ಆಟಗಾರರನ್ನು ನಿಜವಾಗಿ ಯೋಚನೆಗೆ ಹಚ್ಚುತ್ತವೆ.

ಪರೀಕ್ಷಾ ಆಟ ನೀವೇ ನಡೆಸಿದರೆ ಅರ್ಧ ತಪ್ಪುಗಳು ಕಾಣುವುದೇ ಇಲ್ಲ, ಬರೆಯದೇ ಬಿಟ್ಟದ್ದನ್ನು ನೆನಪಿನಿಂದ ತುಂಬಿಬಿಡುತ್ತೀರಿ. ಎರಡನೆಯ ಆಟವನ್ನು ಇನ್ನೊಬ್ಬರಿಗೆ ಬರೀ ಪಿಡಿಎಫ್ ಕೊಟ್ಟು ನಡೆಸಲು ಹೇಳಿ, ನೀವು ಬಾಯಿ ಬಿಡದೆ ಕೂರಿ. ಅವರು ಪುಟ ಹಿಂದೆ ಮುಂದೆ ತಿರುವಿದ ಪ್ರತಿ ಸಲವೂ ಗುರುತು ಹಾಕಿಕೊಳ್ಳಿ. ತಿದ್ದಬೇಕಾದ ಜಾಗಗಳು ಅವೇ.

ನಕ್ಷೆ ಎರಡು ಬೇಕು: ಗುಪ್ತದ್ವಾರ, ಸಂಖ್ಯೆಗಳಿರುವುದು ಡಂಜನ್ ಮಾಸ್ಟರ್‌ಗೆ, ಅವಿಲ್ಲದ್ದು ಆಟಗಾರರಿಗೆ. ಆನ್‌ಲೈನ್ ಮೇಜಿಗೆ ಚೌಕಕ್ಕೆ 100 ಪಿಕ್ಸೆಲ್‌ನಂತೆ 30 ಅಡ್ಡ, 20 ಉದ್ದದ ನಕ್ಷೆ 3000×2000 ಆಗುತ್ತದೆ. ಗೆರೆಗಳಿಲ್ಲದ ಪ್ರತಿಯನ್ನೂ ಜೊತೆಗೆ ಇಡಿ, ತಂತ್ರಾಂಶದ ಗೆರೆ ಚಿತ್ರದ ಗೆರೆಯ ಮೇಲೆ ಸರಿಯಾಗಿ ಕೂರದಿದ್ದರೆ ಕಣ್ಣಿಗೆ ಹಿಂಸೆ. ಅಕ್ಷರಶೈಲಿ, ಚಿತ್ರ, ನಕ್ಷೆಯ ತಂತ್ರಾಂಶ ಮೂರಕ್ಕೂ ಮಾರಾಟದ ಪರವಾನಗಿ ಇದೆಯೇ ನೋಡಿಕೊಳ್ಳಿ.

ಮುದ್ರಣಕ್ಕೂ ಕೊಡುವುದಾದರೆ ಚಿತ್ರಗಳು 300 ಡಿಪಿಐ ಇರಲಿ, ಅಂಚಿನಾಚೆಗೆ 0.125 ಇಂಚು ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಚಿತ್ರಭಾಗ, ಇರಲಿ. ಅಕ್ಷರಗಳಿಗೆ ಕಪ್ಪು ಶಾಯಿ ಒಂದೇ ಸಾಕು. ನಾಲ್ಕು ಬಣ್ಣ ಬೆರೆಸಿದ ಕಪ್ಪಿನಲ್ಲಿ ಮುದ್ರಣದ ತಟ್ಟೆಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರ ಮಸುಕಾಗುತ್ತದೆ. ಒಂದು ಪ್ರತಿ ತರಿಸಿ, ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಮಾರಾಟ ತೆರೆಯಿರಿ.

ಮಾರಾಟದ ಪುಟದ ಮೊದಲ ಎರಡು ಸಾಲಿನಲ್ಲಿ ನಿಯಮಾವಳಿಯ ಆವೃತ್ತಿ, ಪಾತ್ರಗಳ ಹಂತ, ಆಟಗಾರರ ಸಂಖ್ಯೆ, ಬೇಕಾಗುವ ಗಂಟೆ ಹೇಳಿಬಿಡಿ. ಮುನ್ನೋಟಕ್ಕೆ ಮುಖಪುಟದ ಬದಲು ಒಂದು ಪೂರ್ತಿ ಕೋಣೆಯ ಪುಟ ಹಾಕಿ, ಡಂಜನ್ ಮಾಸ್ಟರ್ ಕೊಳ್ಳುವ ಮೊದಲು ನೋಡಬಯಸುವುದು ಅದನ್ನೇ. ಮೊದಲ ವಾರದಲ್ಲಿ ತಪ್ಪುಗಳು ಬರುತ್ತವೆ, ಬಂದಂತೆ ತಿದ್ದಿ. ತಿದ್ದಿದ ಕಡತಕ್ಕೆ 1.1 ಎಂದು ಸಂಖ್ಯೆ ಕೊಟ್ಟು, ಯಾವ ಪುಟದಲ್ಲಿ ಏನು ಬದಲಾಯಿತೆಂದು ಕೊನೆಯ ಪುಟದಲ್ಲಿ ಬರೆಯಿರಿ. ಹಳೆಯ ಪ್ರತಿಯನ್ನು ಆಗಲೇ ಮುದ್ರಿಸಿಟ್ಟುಕೊಂಡವರು ತಮ್ಮ ಹಾಳೆಯ ಮೇಲೆ ಪೆನ್ನಿನಲ್ಲಿ ತಿದ್ದಿಕೊಳ್ಳಲು ಅದು ಬೇಕಾಗುತ್ತದೆ.