ಕಂಡೂ ಕಾಣದ ಹಾಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಬೆಂಗಳೂರಿನ ಅರ್ಧ ಜನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿರುತ್ತಾರೆ. ಒಬ್ಬರು ಹಾಸನದ ಬಸ್ಸು ಹತ್ತಿದರೆ ಇನ್ನೊಬ್ಬರು ಶಿರಸಿಯದು, ಮತ್ತೊಬ್ಬರು ಕುಂದಾಪುರದ್ದು. ನಮ್ಮ ಮನೆಯಲ್ಲಿ ಹಾಗೆ ಗಂಟುಮೂಟೆ ಕಟ್ಟುವವರು ಈಗ ಯಾರೂ ಇಲ್ಲ. ಮಕ್ಕಳು ಅವರವರ ಸಂಸಾರ ನೋಡಿಕೊಂಡಿದ್ದಾರೆ, ಊರಿನ ಮನೆ ದಾಯಾದಿಗಳ ಪಾಲಾಗಿದೆ. ಉಳಿದವರು ನಾನು ಮತ್ತು ನಮ್ಮ ಯಜಮಾನರು. ಊರು ಸ್ವಲ್ಪ ಖಾಲಿಯಾದ ಆ ಎರಡು ತಿಂಗಳು ಬೆಂಗಳೂರು ನಮ್ಮದೇ ಎಂಬಂತೆ ಓಡಾಡುತ್ತೇವೆ. ಬಿಸಿಲು ಇಳಿದ ಮೇಲೆ ಬಾಗಿಲಿಗೆ ಬೀಗ ಹಾಕಿದರೆ, ಸಂಗೀತ, ನಾಟಕ, ಜಾತ್ರೆ, ಸಂತೆ, ಯಾವುದು ಸಿಕ್ಕರೆ ಅದು.

ಈ ತಿರುಗಾಟದಲ್ಲಿ ನಮ್ಮ ಯಜಮಾನರಿಗೆ ಒಂದು ಗೀಳಿದೆ. ಕಾರ್ಯಕ್ರಮಕ್ಕಿಂತ ಹೆಚ್ಚಾಗಿ ಕಾರ್ಯಕ್ರಮಕ್ಕೆ ಯಾರು ಬಂದಿದ್ದಾರೆ ಎಂಬುದೇ ಅವರಿಗೆ ಮುಖ್ಯ. ಜೀವಮಾನವೆಲ್ಲ ಲೆಕ್ಕಪತ್ರ ತಪಾಸಣೆ ಮಾಡಿದ ಕಣ್ಣು. ಐನೂರು ತಲೆಗಳ ನಡುವೆ ಒಬ್ಬ ನಟನೋ ಆಟಗಾರನೋ ಕುಳಿತಿದ್ದರೆ ಆ ಕಣ್ಣಿಗೆ ಬೀಳದೆ ಇರುವುದಿಲ್ಲ. ಬಿದ್ದ ಕೂಡಲೇ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದು, "ನೋಡು, ಬಲಗಡೆ ಮೂರನೆಯ ಸಾಲು" ಎನ್ನುತ್ತಾರೆ. ನಾನು, "ರೀ, ಬೆರಳು ತೋರಿಸಬೇಡಿ" ಎನ್ನುತ್ತೇನೆ. ನಮ್ಮ ದಾಂಪತ್ಯದ ಬೇಸಿಗೆಯ ಸಂಭಾಷಣೆಯೆಲ್ಲ ಹೆಚ್ಚುಕಡಿಮೆ ಇಷ್ಟೇ.

ನಮ್ಮ ಋತು ಶುರುವಾಗುವುದು ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಹುಟ್ಟುಹಾಕಿದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಎಂದರೆ ಹಳೆಯ ಬೆಂಗಳೂರಿನವರಿಗೆ ವಿವರಣೆ ಬೇಕಿಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ, ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದ, ಭೀಮಸೇನ ಜೋಶಿಯವರ ತಾರಸ್ಥಾಯಿಗೆ ಸಾವಿರಾರು ಜನ ತಲೆಬಾಗಿದ ಉತ್ಸವ ಅದು. ಸುಸಜ್ಜಿತ ಸಭಾಂಗಣವಲ್ಲ, ಚಪ್ಪರ. ಆಲಾಪನೆ ಮಂದ್ರಕ್ಕೆ ಇಳಿದಾಗ ಹೊರಗಿನ ಆಟೋಗಳ ಹಾರ್ನ್ ಒಳಗೆ ಬರುತ್ತದೆ. ಗಾಯಕರು ಅದಕ್ಕೆ ಬೇಸರಿಸಿಕೊಳ್ಳದೆ ಇನ್ನೊಂದು ಸಂಗತಿ ಹಾಕುತ್ತಾರೆ. ಟಿಕೆಟ್ ಕೊಂಡವರು ಕುರ್ಚಿಯಲ್ಲಿ, ಕೊಳ್ಳದವರು ರಸ್ತೆಯ ಬದಿಯಲ್ಲಿ ಸ್ಕೂಟರಿನ ಮೇಲೆ. ಹೊರಗಿನವರೇ ಜಾಸ್ತಿ ಏಕಾಗ್ರತೆಯಿಂದ ಕೇಳುತ್ತಾರೆಂದು ನನ್ನ ಗುಮಾನಿ. ಅವರಿಗೆ ಅಕ್ಕಪಕ್ಕದವರ ರೇಷ್ಮೆ ಸೀರೆ ಕಾಣುವುದಿಲ್ಲವಲ್ಲ.

ಅಲ್ಲಿ ಒಂದು ಸಂಜೆ ನಮ್ಮ ಮುಂದಿನ ಸಾಲಿಗೆ ಒಬ್ಬ ಹೆಸರಾಂತ ಗಾಯಕಿ ಬಂದು ಕುಳಿತರು. ಹೆಸರು ಹೇಳುವುದಿಲ್ಲ. ಅವರು ಆ ದಿನ ಹಾಡಲು ಬಂದವರಲ್ಲ, ಕೇಳಲು ಬಂದವರು. ಹತ್ತಿಯ ಸೀರೆ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ, ಚೀಲದ ಬಾಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಬರುವ ದಾರಿಯಲ್ಲಿ ಮಾರುಕಟ್ಟೆಗೆ ಹೋಗಿದ್ದರೋ ಏನೋ. ನಮ್ಮವರು ತಿವಿಯುವ ಮೊದಲೇ ನಾನು ನೋಡಿದ್ದೆ. ವೇದಿಕೆಯಲ್ಲಿ ಒಬ್ಬ ಎಳೆಯ ಹುಡುಗ ತೋಡಿ ರಾಗ ಹಾಡುತ್ತಿದ್ದ. ಆಕೆಯ ಬಲಗೈ ಚೀಲದ ಮೇಲೆ ತಾಳ ಹಾಕುತ್ತಿತ್ತು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಸದ್ದೇ ಇಲ್ಲದೆ. ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ನೆರವಲ್ ಶುರುವಾದಾಗ ಹುಡುಗ ಎಲ್ಲೋ ಒಂದು ಗಾಂಧಾರ ಸ್ವರವನ್ನು ಅಲುಗಿಸಿ ನಿಲ್ಲಿಸಿದ. ಆಕೆಯ ತಲೆ ಒಮ್ಮೆ ತೂಗಿತು. ಅರೆಕ್ಷಣ ಬಿಟ್ಟು ಹಿಂದಿನ ಎರಡು ಸಾಲುಗಳ ತಲೆಗಳೆಲ್ಲ ತೂಗಿದವು. ಆಮೇಲೆ ಗಮನಿಸಿದರೆ ಇಡೀ ಕಛೇರಿಯಲ್ಲಿ ಅದೇ ಕಥೆ! ನಾವ್ಯಾರೂ ಹುಡುಗನನ್ನು ನೋಡುತ್ತಿರಲಿಲ್ಲ, ಆಕೆಯ ತಲೆ ಯಾವಾಗ ಅಲ್ಲಾಡುತ್ತದೆ ಎಂದು ಕಾಯುತ್ತಿದ್ದೆವು. ಸಂಗೀತ ಕಲಿಯುವುದಕ್ಕೆ ಇದಕ್ಕಿಂತ ಅಗ್ಗದ ಪಾಠ ಎಲ್ಲಿ ಸಿಕ್ಕೀತು!

ಮೃದಂಗದವರು ತಾವಾಗಿಯೇ ನುಡಿಸುವ ತನಿ ಆವರ್ತನದ ಹೊತ್ತಿಗೆ ನಮ್ಮ ಯಜಮಾನರು ಮೊಬೈಲ್ ಹೊರತೆಗೆದರು. ನಾನು ಕೈ ಹಿಡಿದು ಕೂರಿಸಿದೆ. ಆಕೆ ಮಂಗಳದವರೆಗೂ ಕುಳಿತಿದ್ದು, ಸೊಪ್ಪಿನ ಚೀಲ ಹೆಗಲಿಗೇರಿಸಿಕೊಂಡು ಮೆಟ್ರೋ ನಿಲ್ದಾಣದ ದಿಕ್ಕಿಗೆ ನಡೆದು ಹೋದರು. ಒಬ್ಬರೂ ಅಡ್ಡ ಹಾಕಲಿಲ್ಲ. ದಾರಿ ಬಿಟ್ಟರು, ಅಷ್ಟೇ.

ಬೆಂಗಳೂರಿನ ಈ ನಡವಳಿಕೆ ನನಗೆ ಬಹಳ ಇಷ್ಟ. ಕಂಡೂ ಕಾಣದ ಹಾಗೆ ಇರುವುದು. ಮುಂಬೈಯ ಬಾಂದ್ರಾದಲ್ಲಿ ನಟರ ಬಂಗಲೆಗಳ ಮುಂದೆ ಜನ ಗಂಟೆಗಟ್ಟಲೆ ನಿಲ್ಲುತ್ತಾರೆ. ಬಾಲ್ಕನಿಯಿಂದ ಒಂದು ಕೈ ಬೀಸಿದರೆ ಕೃತಾರ್ಥರು. ಇಲ್ಲಿ ಸಾಹಿತಿ, ಆಟಗಾರ, ಸಂಗೀತಗಾರ ಎಲ್ಲರೂ ಮೊದಲಿನಿಂದ ಬೀದಿಯಲ್ಲೇ ಓಡಾಡಿದವರು. ಮಾಸ್ತಿಯವರು ಬಸವನಗುಡಿ ಕ್ಲಬ್ಬಿಗೆ ಇಸ್ಪೀಟು ಆಡಲು ನಡೆದು ಹೋಗುತ್ತಿದ್ದರು. ಗಾಂಧಿಬಜಾರಿನಲ್ಲಿ 1943ರಿಂದ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನದ ಗೋಡೆಗಳಿಂದ ಕನ್ನಡದ ದೊಡ್ಡವರು ಚಿತ್ರಗಳಾಗಿ ನಮ್ಮನ್ನು ನೋಡುತ್ತಾರೆ. ಅವರ ಕಾಲದಲ್ಲಿ ಪಕ್ಕದ ಮೇಜಿನಲ್ಲೇ ಇರುತ್ತಿದ್ದರು.

2022ರ ಮೇ ತಿಂಗಳಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. ನಗರದ ಒಂದು ಪುಸ್ತಕದಂಗಡಿಯಲ್ಲಿ ಹಿರಿಯ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಅವರ ಆತ್ಮಕಥೆಯ ಬಗ್ಗೆ ಮಾತುಕತೆ ಏರ್ಪಾಡಾಗಿತ್ತು. ರಾಹುಲ್ ದ್ರಾವಿಡ್ ಆಗ ಭಾರತ ತಂಡದ ಕೋಚ್. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಹಿರಿಯರ ಮಾತು ಕೇಳಿದರು. ಆ ಸಂಜೆಯ ಚಿತ್ರ ಎಲ್ಲರ ಮೊಬೈಲಿಗೂ ಬಂತು. ನಮ್ಮ ಯಜಮಾನರಿಗೆ ಮಾತ್ರ ವಾರವಿಡೀ ಸಂಕಟ. ಆ ದಿನ ಅದೇ ರಸ್ತೆಯಲ್ಲಿ ಚಪ್ಪಲಿ ರಿಪೇರಿಗೆ ಕೊಟ್ಟು ಬಂದಿದ್ದರಂತೆ. "ಪುಸ್ತಕದಂಗಡಿಗೆ ನೀವು ಕಾಲಿಟ್ಟು ಎಷ್ಟು ಕಾಲವಾಯಿತು?" ಎಂದು ಕೇಳಿದೆ. ಉತ್ತರ ಬರಲಿಲ್ಲ.

ಇನ್ನು ಕ್ರಿಕೆಟ್. ಬೇಸಿಗೆಯ ಸಂಜೆಗಳನ್ನು ಐಪಿಎಲ್ ನುಂಗಿಹಾಕಿ ಬಹಳ ವರ್ಷಗಳಾದವು. ಅದರ ಮೊಟ್ಟಮೊದಲ ಪಂದ್ಯ ನಡೆದದ್ದೇ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2008ರ ಏಪ್ರಿಲ್ 18ರಂದು. ಕೋಲ್ಕತ್ತದ ಪರ ಬ್ರೆಂಡನ್ ಮೆಕಲಮ್ ಔಟಾಗದೆ 158 ಓಟ ಚಚ್ಚಿದರು. ನಮ್ಮ ಬೆಂಗಳೂರು ತಂಡದ ಗತಿ ಏನಾಯಿತೆಂದು ನೆನೆಯದಿರುವುದೇ ಲೇಸು. ಮಗಳು ಟಿಕೆಟ್ ಕಳಿಸಿದಳೆಂದು ನಾವೂ ಒಮ್ಮೆ ಪಂದ್ಯ ನೋಡಲು ಹೋದೆವು. ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಕ್ರೀಡಾಂಗಣ. ಮೇಲಿನ ಅಟ್ಟದಿಂದ ಆಟಗಾರರು ಹೆಬ್ಬೆರಳಿನಷ್ಟು ಕಾಣುತ್ತಾರೆ. ನಮ್ಮವರು ಬೌಂಡರಿ ಬಳಿ ನಿಂತವನನ್ನು ಕೊಹ್ಲಿ ಎಂದು ಸಾಧಿಸಿದರು, ಪಕ್ಕದ ಹುಡುಗ ಅಲ್ಲ ಎಂದ. ಇಬ್ಬರ ವಾದ ತೀರುವಷ್ಟರಲ್ಲಿ ಓವರ್ ಮುಗಿದು, ಆತ ಇನ್ನೊಂದು ತುದಿಗೆ ಹೋಗಿ ನಿಂತಾಗಿತ್ತು.

ಆ ಕ್ರೀಡಾಂಗಣದ ಹೆಸರೆತ್ತಿದ ಮೇಲೆ 2025ರ ಜೂನ್ 4ನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಬೆಂಗಳೂರು ತಂಡ ಹದಿನೆಂಟು ವರ್ಷ ಕಾದು ಗೆದ್ದ ಐಪಿಎಲ್ ಕಪ್ಪು, ಮರುದಿನವೇ ವಿಜಯೋತ್ಸವ. ಆಟಗಾರರನ್ನು ಕಣ್ಣಾರೆ ನೋಡಬೇಕೆಂದು ಬಂದ ಲಕ್ಷಾಂತರ ಜನ. ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ ಸಿಕ್ಕಿ 11 ಮಂದಿ ಪ್ರಾಣ ಬಿಟ್ಟರು. ಹೆಚ್ಚಿನವರು ಎಳೆಯರು. ಆ ಸಂಜೆ ನಮ್ಮ ಬೀದಿಯಲ್ಲಿ ಪಟಾಕಿ ಹಚ್ಚಲು ಸಿದ್ಧವಾಗಿದ್ದ ಹುಡುಗರು ಅದನ್ನು ಹಾಗೆಯೇ ಎತ್ತಿ ಒಳಗಿಟ್ಟರು.

ಜನ ಸೇರಿದ ಮಾತ್ರಕ್ಕೆ ಅನಾಹುತವಾಗಬೇಕೆಂದೇನೂ ಇಲ್ಲ. ಅದಕ್ಕೆ ಕರಗವೇ ಸಾಕ್ಷಿ. ರಾಮನವಮಿಯಾದ ಆರನೆಯ ದಿನಕ್ಕೆ ಚೈತ್ರ ಹುಣ್ಣಿಮೆ. ಒಂದು ಕಡೆ ಕೋಟೆ ಮೈದಾನದಲ್ಲಿ ಸಂಗೀತ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಲ್ಲಿ ಕರಗದ ಸಂಭ್ರಮ. ನನ್ನನ್ನು ಕೇಳಿದರೆ ಬೆಂಗಳೂರಿನ ಬೇಸಿಗೆಯಲ್ಲಿ ನೋಡಲೇಬೇಕಾದ ಪ್ರಸಿದ್ಧ ವ್ಯಕ್ತಿ ಒಬ್ಬರೇ, ಕರಗ ಹೊತ್ತವರು. ಇಲ್ಲಿ ಕಂಡೂ ಕಾಣದ ಹಾಗಿರುವ ಮರ್ಯಾದೆ ಬೇಕಿಲ್ಲ, ಕಣ್ಣು ತುಂಬ ನೋಡಬಹುದು. ಅವರು ದ್ರೌಪದಿಯಾಗಿ ಹೊರಡುತ್ತಾರೆ. ಸೀರೆ, ಬಳೆ, ತಲೆಯ ಮೇಲೆ ಮಲ್ಲಿಗೆಯ ಗೋಪುರ. ಕೈಯಲ್ಲಿ ಹಿಡಿಯದೆ ತಲೆಯ ಮೇಲೆಯೇ ಕರಗ ನಿಲ್ಲಬೇಕು. ಸುತ್ತ ಕಾವಲಿಗೆ ವೀರಕುಮಾರರು, ಹಿರಿದ ಕತ್ತಿ, "ಗೋವಿಂದ, ಗೋವಿಂದ" ಎಂಬ ಕೂಗು.

ಹೊರಡುವುದೇ ನಡುರಾತ್ರಿ ಕಳೆದ ಮೇಲೆ. ಒಂದು ವರ್ಷ ಪೇಟೆಯ ಬೀದಿಯೊಂದರಲ್ಲಿ, ಮುಚ್ಚಿದ ಬಟ್ಟೆ ಅಂಗಡಿಯ ಮೆಟ್ಟಿಲಿನ ಮೇಲೆ ಕುಳಿತು ಕಾದೆವು. ಪಕ್ಕದಲ್ಲಿದ್ದ ಅಜ್ಜಿ ಒಂದು ಬುಟ್ಟಿ ಬಿಡಿ ಮಲ್ಲಿಗೆ ಇಟ್ಟುಕೊಂಡು, ಒದ್ದೆ ಬಟ್ಟೆ ಮುಚ್ಚಿ, ಆಗಾಗ ನೀರು ಚಿಮುಕಿಸುತ್ತಿದ್ದರು. ನಮಗೂ ಒಂದೊಂದು ಬೊಗಸೆ ಕೊಟ್ಟರು. ಕೊನೆಗೆ ಬಂತು. ಓಡುವುದೂ ಅಲ್ಲ, ಕುಣಿಯುವುದೂ ಅಲ್ಲದ ಒಂದು ನಡಿಗೆ. ನಮ್ಮ ಮುಂದೆ ಇದ್ದದ್ದು ಅರ್ಧ ನಿಮಿಷವಾದರೂ ಇತ್ತೋ ಇಲ್ಲವೋ. ನಾನು ಹೂವು ಎರಚಿದೆ. ನಮ್ಮವರು ಫೋಟೋ ತೆಗೆದರು. ಮನೆಗೆ ಬಂದು ನೋಡಿದರೆ ಅದರಲ್ಲಿ ಇದ್ದದ್ದು ಯಾರದೋ ಮೊಣಕೈ, ಅದರಾಚೆ ಒಂದು ಬಿಳಿ ಮಬ್ಬು. ಅಷ್ಟು ಹೊತ್ತಿಗೆ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಭೇಟಿ ಕೊಟ್ಟು ಮುಂದೆ ಹೋಗಿರಬೇಕು. ಯಾವ ಕಾಲದಿಂದಲೋ ಬಂದ ಹಾದಿ ಅದು.

ಸಿನಿಮಾದವರನ್ನು ಬಿಟ್ಟರೆ ಕೇಳುಗರು ನನ್ನನ್ನು ಬಿಡುವುದಿಲ್ಲ. ನಾವು ಮದುವೆಯಾದ ಹೊಸದರಲ್ಲಿ ಕೆಂಪೇಗೌಡ ರಸ್ತೆಯೇ ನಮ್ಮ ಬೇಸಿಗೆ ಅರಮನೆ. ತಂಪಾಗಿರುತ್ತದೆಂಬ ಒಂದೇ ಕಾರಣಕ್ಕೆ ಮ್ಯಾಟಿನಿಗೆ ಹೋದವರೂ ಇದ್ದಾರೆ, ನಾವೂ ಅವರಲ್ಲಿ ಸೇರಿದ್ದೆವು. ಬಿಡುಗಡೆಯ ದಿನ ಚಿತ್ರಮಂದಿರಕ್ಕೆ ನಾಯಕರೇ ಬರುತ್ತಾರೆಂಬ ಸುದ್ದಿ ಹಬ್ಬಿದರೆ ಒಳಗಿನವರೂ ಹೊರಗೆ ಓಡುತ್ತಿದ್ದರು. ಕಪಾಲಿ ಚಿತ್ರಮಂದಿರ ಈಗಿಲ್ಲ, ಅದರ ಅಕ್ಕಪಕ್ಕದ ಕೆಲವೂ ಇಲ್ಲ. ಆದರೆ ಏಪ್ರಿಲ್ 24ಕ್ಕೆ ಮಾತ್ರ ಏನೂ ಆಗಿಲ್ಲ. ಡಾ. ರಾಜಕುಮಾರ್ ಹುಟ್ಟಿದ ದಿನ. ಅವರು ತೀರಿಕೊಂಡದ್ದು 2006ರಲ್ಲಿ, ಅದೂ ಏಪ್ರಿಲ್ಲಿನಲ್ಲೇ. ಇಂದಿಗೂ ಆ ದಿನ ಕಂಠೀರವ ಸ್ಟುಡಿಯೋದ ಸಮಾಧಿಗೆ ಜನ ಬಿಸಿಲಿನಲ್ಲಿ ಸಾಲುಗಟ್ಟಿ ಬರುತ್ತಾರೆ. ಪಕ್ಕದಲ್ಲೇ ಪುನೀತ್ ಕೂಡ ಮಲಗಿದ್ದಾರಲ್ಲ, ಈಗ ಸಾಲು ಇನ್ನೂ ಉದ್ದ. ಅಭಿಮಾನಿಗಳನ್ನು 'ಅಭಿಮಾನಿ ದೇವರುಗಳೇ' ಎಂದು ಕರೆದ ನಟ ಅವರು. ನೋಡಲು ಬಂದವರನ್ನೇ ದೇವರು ಎಂದುಬಿಟ್ಟ ಮೇಲೆ ಯಾರು ಯಾರ ದರ್ಶನಕ್ಕೆ ಬಂದರು ಎಂದು ಲೆಕ್ಕ ಹಾಕುವುದು ನಮ್ಮ ಯಜಮಾನರಂಥ ತಪಾಸಣೆಗಾರರಿಗೂ ಕಷ್ಟ.

ನಾಟಕಕ್ಕೆ ನಮ್ಮ ಜಾಗ ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ಅವರ ಕನಸು, ಅರುಂಧತಿ ನಾಗ್ ಅವರ ಛಲ. 2004ರಲ್ಲಿ ಬಾಗಿಲು ತೆರೆಯಿತು. ಬಾಗಿಲು ಎಂದಾಗ ಹೇಳಬೇಕು, ನಾಟಕ ಶುರುವಾಗುವ ಹೊತ್ತಿಗೆ ಅದು ಮುಚ್ಚಿತೆಂದರೆ ಮುಚ್ಚಿತು. ತಡವಾಗಿ ಬಂದವರು ಎಂಥ ದೊಡ್ಡವರಾದರೂ ಸರಿ, ಮನೆಗೆ ಹೋಗಬೇಕು. ಬೆಂಗಳೂರಿನ ಸಂಚಾರದಲ್ಲಿ ಸಿಕ್ಕಿ ಬೆವರುತ್ತಾ ಓಡಿ ಬರುವ ಪ್ರಸಿದ್ಧರನ್ನು ನೋಡುವ ಅವಕಾಶ ಇನ್ನೆಲ್ಲೂ ಇಲ್ಲ. ಹೊತ್ತಿಗೆ ಮೊದಲೇ ಬಂದವರು ಕೆಫೆಯಲ್ಲಿ ಸಬ್ಬಕ್ಕಿ ವಡೆ ತಿನ್ನುತ್ತಿರುತ್ತಾರೆ. ಸಂಜೆಯ ಧಾರಾವಾಹಿಯಲ್ಲಿ ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಅತ್ತೆ, ಅಲ್ಲಿ ಎಳೆಯ ನಟಿಯೊಬ್ಬಳಿಗೆ ತನ್ನ ತಟ್ಟೆಯ ಚಟ್ನಿ ಬಗ್ಗಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೇ ಕೊನೆಯ ಹೊತ್ತಿಗೆ ಮಳೆ ಎರಡು ಸಲ ಜೋರಾಗಿ ಬಿದ್ದು, ಗುಲ್‌ಮೊಹರ್ ಹೂವು ರಸ್ತೆಗೆಲ್ಲ ಹರಡಿಕೊಂಡಾಗ, ನಾವು ಲಾಲ್‌ಬಾಗಿನ ಮಾವಿನ ಮೇಳಕ್ಕೆ ಹೋಗುತ್ತೇವೆ. ರಾಮನಗರದಿಂದ, ಶ್ರೀನಿವಾಸಪುರದಿಂದ ಬೆಳೆಗಾರರೇ ಹಣ್ಣು ತಂದು ಮಾರುತ್ತಾರೆ. ರಸಪುರಿ, ಬಾದಾಮಿ, ಸೇಂದೂರ, ಮಲ್ಲಿಕಾ. ಅಲ್ಲಿಗೆ ಹೋದರೆ ನಮ್ಮ ಯಜಮಾನರ ಕಣ್ಣು ಜನರನ್ನು ಬಿಟ್ಟು ಪೆಟ್ಟಿಗೆಗಳ ಕಡೆ ತಿರುಗುತ್ತದೆ. ಹೋದ ಸಲ ತಿವಿದವಳು ನಾನೇ. ಒಂದು ಕಾಲದಲ್ಲಿ ಊರೂರಲ್ಲಿ ಕಟೌಟ್ ನಿಲ್ಲಿಸಿಕೊಂಡಿದ್ದ ನಾಯಕಿ, ಈಗ ತಲೆ ನರೆತಿದೆ, ಟೋಪಿ ಹಾಕಿಕೊಂಡು ಹಣ್ಣಿನ ತೊಟ್ಟಿನ ಬಳಿ ಮೂಗಿಟ್ಟು ಮೂಸಿ ಮೂಸಿ ಆರಿಸುತ್ತಿದ್ದರು. ಎರಡು ಪೆಟ್ಟಿಗೆ ಆಗಲೇ ಕಟ್ಟಿಸಿದ್ದರು. ಸುತ್ತಲಿನವರಿಗೆಲ್ಲ ಗುರುತು ಸಿಕ್ಕಿತ್ತು, ಎಲ್ಲರೂ ಮಾವು ನೋಡುವವರಂತೆ ನಿಂತಿದ್ದರು.

ನಮ್ಮವರು ನೇರವಾಗಿ ಹತ್ತಿರ ಹೋದರು. ಮೊಬೈಲ್ ತೆಗೆಯುತ್ತಾರೆಂದು ನನಗೆ ಎದೆ ಧಸಕ್ಕೆಂದಿತು.

"ಅಮ್ಮಾ, ರಸಪುರಿ ಯಾವ ಮಳಿಗೆಯಲ್ಲಿ ಚೆನ್ನಾಗಿದೆ?" ಎಂದು ಕೇಳಿದರು.

ಆಕೆ ಟೋಪಿ ಹಿಂದಕ್ಕೆ ಸರಿಸಿ, "ಎಡಗಡೆಯ ಕೊನೆಯ ಮಳಿಗೆ, ಶ್ರೀನಿವಾಸಪುರದವರದು. ಬಾದಾಮಿ ಮಾತ್ರ ಈಗ ಕೊಳ್ಳಬೇಡಿ, ಇನ್ನೊಂದು ವಾರ ತಡೆಯಿರಿ" ಎಂದರು.

ಸುತ್ತ ನಿಂತಿದ್ದವರೆಲ್ಲ ಎಡಗಡೆಗೆ ಹೊರಟರು. ನಾವು ತಲುಪುವ ಹೊತ್ತಿಗೆ ರಸಪುರಿ ಒಂದೇ ಪೆಟ್ಟಿಗೆ ಉಳಿದಿತ್ತು.

ನಮಸ್ಕಾರ.